ಬಿ.ದುರ್ಗದ ಹಳೇ ಬ್ಯಾಟರಿ ಎಲ್ಲಿಗೆ ಹೋಗುತ್ತೆ?

ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಬಿ.ದುರ್ಗ, ಹೊಳಲ್ಕೆರೆ ತಾಲ್ಲೂಕು. ಚಿಕ್ಕಪ್ಪನ ಮನೆ ಜಗಲಿ ಮೇಲೆ ಎರಡು ಹಳೇ ಬ್ಯಾಟರಿ ಕೂತಿದ್ದವು. ಒಂದು ಟ್ರ್ಯಾಕ್ಟರಿನದ್ದು, ಇನ್ನೊಂದು ಇನ್ವರ್ಟರಿನದ್ದು. ಅಂಗಳದಲ್ಲಿ ಗುಜರಿಯವರ ಲಗೇಜ್ ಆಟೋ ನಿಂತಿತ್ತು, ತೂಕದ ಯಂತ್ರ ಕೆಳಗಿಳಿದಿತ್ತು.

‘ಅಂಗಡಿಗೇ ವಾಪಸ್ ಕೊಡಬಹುದಲ್ಲ ಚಿಕ್ಕಪ್ಪ?’ ಅಂದೆ.

‘ಅಂಗಡಿಯವನು ಹೊಸಾದು ತಗೊಂಡ್ರೆ ಹಳೇದಕ್ಕೆ ಅಂತ ಒಂದಿಷ್ಟು ಮುರ್ಕಂತಾನೆ. ಇವನು ಅದಕ್ಕಿಂತ ಮುನ್ನೂರು ಜಾಸ್ತಿ ಕೊಡ್ತಾನೆ, ಅದೂ ಕೈಯಾಗೆ. ಟೀವಿಯಾಗೆ ಮಾತಾಡಿದಂಗಲ್ಲಪ್ಪಾ ಸಂಸಾರ’ ಅಂದ್ರು ಚಿಕ್ಕಪ್ಪ.

ಗುಜರಿಯವರನ್ನು ಕೇಳಿದೆ, ‘ಇದನ್ನ ಎಲ್ಲಿಗೆ ಹಾಕ್ತೀರ?’

‘ದೊಡ್ಡ ಪಾರ್ಟಿ ಬರ್ತಾರೆ ಸಾರ್. ಲಾರಿಗೆ ತುಂಬ್ಕೊಂಡು ಹೋಗ್ತಾರೆ. ಆಮೇಲೆ ಎಲ್ಲೋ ಭಟ್ಟಿಗೆ ಹಾಕ್ತಾರೆ.’

‘ಭಟ್ಟಿ ಎಲ್ಲಿದೆ?’

‘ಅದು ನಮಗ್ಯಾಕೆ ಸಾರ್?’

ನೋಡಿ, ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಆ ವಾರವೇ ಸ್ಟುಡಿಯೋದಲ್ಲಿ ಕೂತು ವಾಯುಮಾಲಿನ್ಯದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಹಿಂದಿನ ಪರದೆ ಮೇಲೆ ದೊಡ್ಡ ಚಿಮಣಿ, ಕಪ್ಪು ಹೊಗೆ. ‘ಸರ್ಕಾರ ಏನ್ ಮಾಡ್ತಿದೆ?’ ಅಂತ ಗುಡುಗಿದ್ದೆ. ಆದರೆ ಚಿಕ್ಕಪ್ಪನ ಬ್ಯಾಟರಿ ಹೋಗುವ ದಾರಿಯಲ್ಲಿ ಚಿಮಣಿಯೇ ಇಲ್ಲದಿರಬಹುದು ಅನ್ನೋದು ನನಗೆ ಹೊಳೆದಿರಲಿಲ್ಲ. ಹಾಗಾಗಿ ಇವತ್ತು ಗುಡುಗು ಬೇಡ. ಸೀಸದ ಹೊಗೆಯನ್ನು ಸರ್ಕಾರ ಹೇಗೆ ಹಿಡಿಯುತ್ತೆ, ಎಲ್ಲಿ ಹಿಡಿಯೋಕೆ ಆಗ್ತಿಲ್ಲ, ಇಷ್ಟನ್ನು ಅರ್ಥ ಮಾಡಿಕೊಳ್ಳೋಣ.

ಮೊದಲು ಸೀಸ ಅಂದ್ರೆ ಏನು ನೋಡೋಣ. ಇಂಜಿನಿಯರಿಂಗ್ ಓದುವಾಗ ಅದು ನನಗೆ ಬರೀ ಎರಡಕ್ಷರದ ಸಂಕೇತ. ಆದರೆ ಓದುವುದಕ್ಕೂ ಮೊದಲೇ ನನಗದರ ಪರಿಚಯ ಇತ್ತು. ಚಿಕ್ಕವರಿದ್ದಾಗ ಒಡೆದ ಬ್ಯಾಟರಿಯ ತಗಡುಗಳನ್ನು ಆರಿಸಿಕೊಂಡು ಬಂದು, ಹಳೇ ಸೌಟಿನಲ್ಲಿ ಹಾಕಿ, ಸೌದೆ ಒಲೆ ಮೇಲೆ ಕರಗಿಸಿ, ಒದ್ದೆ ಮಣ್ಣಿನಲ್ಲಿ ಕೊರೆದ ಗುಂಡಿಗೆ ಸುರಿದು ಆಡ್ತಿದ್ವಿ. ಬೆಳ್ಳಿ ಥರ ಹೊಳೀತಿತ್ತು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಕಬ್ಬಿಣಕ್ಕೆ 1,500 ಡಿಗ್ರಿಗೂ ಮೇಲೆ ಬೇಕು. ಅಂದ್ರೆ ಸೀಸ ಕರಗಿಸೋಕೆ ಕಾರ್ಖಾನೆ ಬೇಕಿಲ್ಲ, ಅಡುಗೆ ಒಲೆ ಸಾಕು. ಈ ಇಡೀ ಲೇಖನದ ತಲೆನೋವು ಹುಟ್ಟೋದೇ ಇಲ್ಲಿಂದ.

ಬ್ಯಾಟರಿಯೊಳಗೆ ಶುದ್ಧ ಲೋಹ ಒಂದೇ ಇರಲ್ಲ. ತಗಡಿನ ಜಾಲರಿಗೆ ಮೆತ್ತಿರುವ ಬೂದು ಬಣ್ಣದ ಪುಡಿ ಇದೆಯಲ್ಲ, ಅದು ಸೀಸದ ಸಲ್ಫೇಟ್ ಮತ್ತು ಆಕ್ಸೈಡ್. ಅದರಿಂದ ಲೋಹ ತೆಗೀಬೇಕಂದ್ರೆ ಇದ್ದಿಲು, ಕಬ್ಬಿಣದ ಚೂರು, ಸೋಡಾ ಸೇರಿಸಿ ಸಾವಿರ ಡಿಗ್ರಿ ಆಸುಪಾಸು ಕಾಯಿಸಬೇಕು. ಆ ಬಿಸಿಯಲ್ಲಿ ಸೀಸ ಆವಿಯಾಗುತ್ತೆ, ಮೇಲೆ ಹೋಗಿ ತಣ್ಣಗಾದ ಕೂಡಲೇ ಅತಿ ಸಣ್ಣ ಕಣವಾಗುತ್ತೆ. ಎಷ್ಟು ಸಣ್ಣದು ಅಂದ್ರೆ ಒಂದು ಮೈಕ್ರಾನಿಗಿಂತಲೂ ಕಡಿಮೆ. ಉಸಿರಿನ ಜೊತೆ ನೇರ ಶ್ವಾಸಕೋಶದ ಆಳಕ್ಕೆ ಹೋಗುತ್ತೆ. ಜೊತೆಗೆ ಸಲ್ಫೇಟಿನಿಂದ ಗಂಧಕದ ಹೊಗೆ. ಮಿಕ್ಕ ಕಿಟ್ಟದಲ್ಲೂ ಸೀಸ ಉಳಿದಿರುತ್ತೆ.

ನಮ್ಮ ಭಾಗದ ಜನಕ್ಕೆ ಧೂಳು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದಿರು ಲಾರಿಗಳು ಓಡಾಡುವಾಗ ರಸ್ತೆ ಪಕ್ಕದ ಅಡಿಕೆ ಗರಿ ಕೆಂಪಾಗಿದ್ದನ್ನು ನೋಡಿದ್ದೇವೆ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಲ್ಲಿಸಿತು. ಆ ಧೂಳು ಕಣ್ಣಿಗೆ ಕಾಣ್ತಿತ್ತು. ಕಂಡಿದ್ದಕ್ಕೆ ಜನ ದೂರು ಕೊಟ್ಟರು, ಕ್ಯಾಮೆರಾ ಬಂತು. ಸೀಸದ ಧೂಳು ಕಾಣಲ್ಲ, ವಾಸನೆ ಇಲ್ಲ, ಕೆಮ್ಮೂ ಬರಿಸಲ್ಲ. ಟೀವಿಗೆ ಇದಕ್ಕಿಂತ ಕಷ್ಟದ ಖಳನಾಯಕ ಇನ್ನೊಬ್ಬನಿಲ್ಲ!

ಹಾಗಾದ್ರೆ ಕಾನೂನು ಇದನ್ನು ಹೇಗೆ ಹಿಡಿಯುತ್ತೆ? ಮೂರು ಕಡೆ ಹಿಡಿಯುತ್ತೆ. ಚಿಮಣಿಯ ಬಾಯಲ್ಲಿ, ಊರಿನ ಗಾಳಿಯಲ್ಲಿ, ಮತ್ತೆ ಬ್ಯಾಟರಿ ಓಡಾಡುವ ದಾರಿಯಲ್ಲಿ.

ಮೊದಲನೇದು ಚಿಮಣಿ. ನಮ್ಮಲ್ಲಿ 1981ರ ವಾಯು ಕಾಯ್ದೆ ಇದೆ. ಅದರ 21ನೇ ಕಲಂ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಇಂಥ ಘಟಕ ಕಟ್ಟೋ ಹಾಗಿಲ್ಲ, ನಡೆಸೋ ಹಾಗಿಲ್ಲ. ಸೀಸದ ಬ್ಯಾಟರಿ ಕರಗಿಸುವ ಉದ್ಯಮ ‘ಕೆಂಪು’ ವರ್ಗದ್ದು, ಅಂದ್ರೆ ಅತಿ ಹೆಚ್ಚು ಮಾಲಿನ್ಯದ ಪಟ್ಟಿಯದ್ದು. 2006ರ ಪರಿಸರ ಪರಿಣಾಮ ಅಧಿಸೂಚನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಷಕಾರಿ ಭಾರಲೋಹ ತಯಾರಿಸುವ ಘಟಕಗಳಿಗೆ ಪರಿಸರ ಅನುಮತಿಯನ್ನೂ ಕಡ್ಡಾಯ ಮಾಡಿತು. ವರ್ಷಕ್ಕೆ 20,000 ಟನ್ ಮೇಲಿದ್ದರೆ ದೆಹಲಿಯಿಂದ, ಕೆಳಗಿದ್ದರೆ ರಾಜ್ಯಮಟ್ಟದ ಪ್ರಾಧಿಕಾರದಿಂದ. ಮಾತು ಕೇಳದಿದ್ದರೆ ವಾಯು ಕಾಯ್ದೆಯ 31ಎ ಕಲಂ ಇದೆ. ಘಟಕ ಮುಚ್ಚಿಸಬಹುದು, ಕರೆಂಟು, ನೀರು ಕಟ್ ಮಾಡಿಸಬಹುದು.

ಚಿಮಣಿಯಿಂದ ಹೊರಬರುವ ಹೊಗೆಯಲ್ಲಿ ಸೀಸ ಎಷ್ಟಿರಬಹುದು? ಒಂದು ಘನಮೀಟರಿಗೆ 10 ಮಿಲಿಗ್ರಾಂ ಮೀರಬಾರದು ಅನ್ನೋದು ಸಾಮಾನ್ಯ ಮಾನದಂಡ. ಒಳ್ಳೆಯ ಘಟಕ ಇದನ್ನು ಪಾಲಿಸೋದು ಹೀಗೆ: ಭಟ್ಟಿಯ ಬಾಯಿ ಮೇಲೆ ದೊಡ್ಡ ಕೊಡೆಯಂಥ ಹುಡ್ ಕೂರಿಸಿ, ಫ್ಯಾನ್ ಹಾಕಿ ಹೊಗೆ ಎಳೀತಾರೆ. ದಪ್ಪ ಧೂಳು ಮೊದಲು ಸೈಕ್ಲೋನ್‌ನಲ್ಲಿ ಸುತ್ತಿ ಕೆಳಗೆ ಬೀಳುತ್ತೆ. ಸಣ್ಣ ಕಣಗಳಿಗೆ ಬ್ಯಾಗ್ ಫಿಲ್ಟರ್. ಕಾಫಿ ಸೋಸುವ ಬಟ್ಟೆ ನೆನಪಿಸಿಕೊಳ್ಳಿ, ಅಂಥ ಉದ್ದುದ್ದ ಚೀಲಗಳು ಸಾಲಾಗಿ ನೇತುಬಿದ್ದಿರುತ್ತವೆ, ಹೊಗೆ ಅವುಗಳ ಮೂಲಕ ಸೋಸಿ ಹೋಗಬೇಕು. ಗಂಧಕದ ಹೊಗೆಗೆ ಸುಣ್ಣದ ಅಥವಾ ಸೋಡಾದ ನೀರು ಚಿಮುಕಿಸುವ ಸ್ಕ್ರಬ್ಬರ್. ಕೊನೆಗೆ ಎತ್ತರದ ಚಿಮಣಿ. ಚೀಲಗಳು ಸರಿಯಾಗಿದ್ದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಧೂಳು ಅಲ್ಲೇ ನಿಲ್ಲುತ್ತೆ. ಒಂದೆರಡು ಚೀಲ ತೂತಾಗಿದ್ದರೆ? ಖರ್ಚು ಉಳಿಸೋಕೆ ರಾತ್ರಿ ಫ್ಯಾನ್ ಆಫ್ ಮಾಡಿದರೆ? ಕಾಗದದ ಮೇಲೆ ಎಲ್ಲಾ ಸರಿ, ಗಾಳಿಯಲ್ಲಿ ಎಲ್ಲಾ ತಪ್ಪು.

ಇಲ್ಲೊಂದು ಲೆಕ್ಕ ಹಾಕೋಣ. ಒಂದು ಘಟಕದ ಚಿಮಣಿಯಿಂದ ಗಂಟೆಗೆ 10,000 ಘನಮೀಟರ್ ಹೊಗೆ ಹೋಗ್ತಿದೆ ಅಂದ್ಕೊಳ್ಳಿ. ಮಿತಿಯ ಅಂಚಿನಲ್ಲೇ, ಅಂದ್ರೆ 10 ಮಿಲಿಗ್ರಾಂ ಸೀಸ. ಗಂಟೆಗೆ 100 ಗ್ರಾಂ ಆಯ್ತು. ದಿನಕ್ಕೆ ಹತ್ತು ಗಂಟೆ ನಡೆದರೆ ಒಂದು ಕೆಜಿ. ಇದು ಕಳ್ಳತನದ ಹೊಗೆಯಲ್ಲ, ಕಾನೂನಿನ ಮಿತಿಯೊಳಗಿನ ಹೊಗೆ.

ಆ ಒಂದು ಕೆಜಿ ದೊಡ್ಡದಾ, ಸಣ್ಣದಾ? ಅದನ್ನು ತಿಳಿಯೋಕೆ ಎರಡನೇ ಅಳತೆಗೆ ಬರಬೇಕು, ಅಂದ್ರೆ ನಾವು ಉಸಿರಾಡುವ ಗಾಳಿ. 2009ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಘನಮೀಟರ್ ಗಾಳಿಯಲ್ಲಿ ಸೀಸ ವಾರ್ಷಿಕ ಸರಾಸರಿ 0.5 ಮೈಕ್ರೋಗ್ರಾಂ ದಾಟಬಾರದು, 24 ಗಂಟೆಯ ಸರಾಸರಿ 1 ಮೈಕ್ರೋಗ್ರಾಂ ದಾಟಬಾರದು. ಮೈಕ್ರೋಗ್ರಾಂ ಅಂದ್ರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು. ಅಂದ್ರೆ ಚಿಮಣಿಯ ಬಾಯಿಗೆ ಕೊಟ್ಟ ಮಿತಿ, ನಮ್ಮ ಮೂಗಿಗೆ ಕೊಟ್ಟ ವಾರ್ಷಿಕ ಮಿತಿಯ 20,000 ಪಟ್ಟು. ಒಂದು ಕೆಜಿ ಸೀಸ 200 ಕೋಟಿ ಘನಮೀಟರ್ ಗಾಳಿಯನ್ನು ಆ ಮಿತಿಯ ಮಟ್ಟಕ್ಕೆ ತಂದು ನಿಲ್ಲಿಸಬಲ್ಲದು. ಚಿಮಣಿ ಎತ್ತರ ಇರಬೇಕು, ಊರಿನಿಂದ ದೂರ ಇರಬೇಕು ಅಂತ ಹಟ ಹಿಡಿಯೋದು ಇದಕ್ಕೇ. ಗಾಳಿ ಚದುರಿಸುತ್ತೆ ಅನ್ನೋ ನಂಬಿಕೆ ಮೇಲೆ ನಿಂತಿರುವ ಲೆಕ್ಕ ಇದು. ಆದರೆ ಸೀಸ ಚದುರಿದರೂ ಕೊಳೆಯಲ್ಲ. ಮಣ್ಣಿಗೆ ಬಿದ್ದಿದ್ದು ಮಣ್ಣಲ್ಲೇ ಇರುತ್ತೆ.

ಬೇರೆ ದೇಶದವರು ಏನ್ ಮಾಡಿದ್ರು? ಅಮೆರಿಕ 1978ರಲ್ಲಿ ಗಾಳಿಯ ಸೀಸಕ್ಕೆ 1.5 ಮೈಕ್ರೋಗ್ರಾಂ ಮಿತಿ ಹಾಕಿತ್ತು. 2008ರಲ್ಲಿ ಅದನ್ನು ಒಂದೇ ಏಟಿಗೆ ಹತ್ತನೇ ಒಂದು ಪಾಲಿಗೆ, 0.15ಕ್ಕೆ ಇಳಿಸಿತು. ಮಿಸ್ಸೌರಿ ರಾಜ್ಯದ ಹರ್ಕ್ಯುಲೇನಿಯಂ ಎಂಬ ಊರಿನಲ್ಲಿ 1892ರಿಂದ ನಡೆಯುತ್ತಿದ್ದ ಸೀಸದ ಕಾರ್ಖಾನೆ 2013ರ ಕೊನೆಗೆ ಕರಗಿಸುವುದನ್ನು ನಿಲ್ಲಿಸಿತು. ಅದಿರಿನಿಂದ ಸೀಸ ತೆಗೆಯುವ ಆ ದೇಶದ ಕೊನೆಯ ಕಾರ್ಖಾನೆ ಅದು. ದೊಡ್ಡ ಚಿಮಣಿ, ದೊಡ್ಡ ಕಂಪನಿ, ಗಟ್ಟಿ ಕಾನೂನು. ಅಳೆಯೋಕೆ ಒಂದು ಜಾಗ ಇತ್ತು, ಹಿಡಿಯೋಕೆ ಒಂದು ಕೈ ಇತ್ತು.

ನಮ್ಮ ದೇಶದ ದೊಡ್ಡ ಅದಿರು-ಸೀಸದ ಕಾರ್ಖಾನೆಗಳು ಇರೋದು ರಾಜಸ್ಥಾನದಲ್ಲಿ, ಚಂದೇರಿಯಾ, ದರೀಬಾ ಕಡೆ. ಕರ್ನಾಟಕದ ಸೀಸದ ಕಥೆ ಬೇರೆ. ಅದು ಗಣಿಯಿಂದ ಬರೋದಲ್ಲ, ನಮ್ಮ ಜಗಲಿಯಿಂದ ಹೋಗೋದು. ಇವತ್ತು ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬ್ಯಾಟರಿಗೇ ಹೋಗುತ್ತೆ. ಬೈಕು, ಆಟೋ, ಟ್ರ್ಯಾಕ್ಟರ್, ಇನ್ವರ್ಟರ್, ಮೊಬೈಲ್ ಟವರ್. ಕರೆಂಟು ಕೈಕೊಡುವ ಊರಿನಲ್ಲಿ ಬ್ಯಾಟರಿ ಜಾಸ್ತಿ. ನಮ್ಮ ಬಿ.ದುರ್ಗದಂಥ ಊರಿನಲ್ಲಿ ಇನ್ವರ್ಟರ್ ಇಲ್ಲದ ಅಂಗಡಿ ಹುಡುಕಬೇಕು.

ಕರ್ನಾಟಕಕ್ಕೂ ಸೀಸಕ್ಕೂ ಇನ್ನೊಂದು ನಂಟಿದೆ, ಅದು ಹೆಮ್ಮೆ ಪಡಬೇಕಾದ ನಂಟು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ‘ಪ್ರಾಜೆಕ್ಟ್ ಲೆಡ್-ಫ್ರೀ’ ಅನ್ನೋ ಕೆಲಸ ಶುರುಮಾಡಿತು. ಬೆಂಗಳೂರು ಸೇರಿ ಏಳು ನಗರಗಳ ಜನರ ರಕ್ತ ಪರೀಕ್ಷೆ ಮಾಡಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಒಂದು ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸ ಇತ್ತು. 1999ರಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ನೇ ಇಸವಿ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಕಲಿಸುತ್ತಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಗೆ ರಾಷ್ಟ್ರೀಯ ಪರಾಮರ್ಶನ ಕೇಂದ್ರ ಕಟ್ಟಿದರು. ಈ ಕಥೆಯಲ್ಲಿ ಮುಖ್ಯವಾದದ್ದು ಏನು ಗೊತ್ತಾ? ಅವರು ಚಿಮಣಿಯನ್ನೂ ಗಾಳಿಯನ್ನೂ ಅಳೆಯುತ್ತಾ ಕೂರಲಿಲ್ಲ. ನೇರ ಮಕ್ಕಳ ರಕ್ತ ಅಳೆದರು.

ಯಾಕೆ ಮಕ್ಕಳು? ದೇಹಕ್ಕೆ ಸೀಸ ಮತ್ತು ಕ್ಯಾಲ್ಸಿಯಂ ನಡುವೆ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಬೆಳೆಯುವ ಮಗು ಕ್ಯಾಲ್ಸಿಯಂ ಅಂದ್ಕೊಂಡು ಸೀಸವನ್ನೂ ಎಳೆದುಕೊಳ್ಳುತ್ತೆ. ನುಂಗಿದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮೂಳೆಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಕೂತಿರುತ್ತೆ. ಮಗು ಮಂಕಾಗುತ್ತೆ, ಹೊಟ್ಟೆನೋವು ಅನ್ನುತ್ತೆ, ರಕ್ತಹೀನತೆ ಬರುತ್ತೆ, ಓದಿನಲ್ಲಿ ಹಿಂದೆ ಬೀಳುತ್ತೆ. ‘ದಡ್ಡ’ ಅಂತ ಮೇಷ್ಟ್ರು ಬೈತಾರೆ. ರಕ್ತ ಪರೀಕ್ಷೆ ಮಾಡಿಸೋಣ ಅಂತ ಯಾರಿಗೂ ಹೊಳೆಯಲ್ಲ. ಇಷ್ಟಿದ್ದರೆ ಸುರಕ್ಷಿತ ಅನ್ನುವಂಥ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ ಬಂತು. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವ ಮಕ್ಕಳು ಜಗತ್ತಿನಲ್ಲಿ ಸುಮಾರು 80 ಕೋಟಿ, ಅದರಲ್ಲಿ 27 ಕೋಟಿಗೂ ಹೆಚ್ಚು ಭಾರತದಲ್ಲಿ ಅಂತ ಅದರ ಅಂದಾಜು.

ಪೆಟ್ರೋಲಿನಿಂದ ಸೀಸ ಹೋಗಿ ಇಷ್ಟು ವರ್ಷ ಆಯ್ತಲ್ಲ, ಇದೆಲ್ಲಿಂದ ಬಂತು? ಬಣ್ಣ, ಕಲಬೆರಕೆ ಮಸಾಲೆ, ಪಾತ್ರೆ, ಹೀಗೆ ಮೂಲಗಳು ಹಲವು. ಅದರಲ್ಲಿ ದೊಡ್ಡದೊಂದು, ಹಿತ್ತಲಿನ ಭಟ್ಟಿ.

ಸೆನೆಗಲ್ ದೇಶದ ರಾಜಧಾನಿ ಡಾಕರ್ ಪಕ್ಕ ಥಿಯರಾಯ್-ಸುರ್-ಮೇರ್ ಅನ್ನೋ ಬಡಾವಣೆ ಇದೆ. ಅಲ್ಲಿ ಹೆಂಗಸರು ಹಳೇ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು, ಸೀಸದ ಚೂರು ಆರಿಸಿ ಮಾರುತ್ತಿದ್ದರು. 2007ರ ಕೊನೆಯಿಂದ 2008ರ ಮೊದಲ ತಿಂಗಳುಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು. ಒಂದೇ ಒಂದು ಚಿಮಣಿ ಇರಲಿಲ್ಲ ಸ್ವಾಮಿ ಅಲ್ಲಿ. ಹೊಗೆಗೆ ಮಿತಿ ಎಷ್ಟು ಅನ್ನೋ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗ ಚಿಕ್ಕಪ್ಪನ ಬ್ಯಾಟರಿಗೆ ಬರೋಣ. 50 ಕೆಜಿ ತೂಕದ ಇನ್ವರ್ಟರ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ 30 ಕೆಜಿ ಸೀಸ ಇರುತ್ತೆ. ಒಪ್ಪಿಗೆ ಪಡೆದ ಘಟಕಕ್ಕೆ ಹೋದರೆ ಯಂತ್ರದಲ್ಲಿ ಒಡೀತಾರೆ, ಆಸಿಡ್ ಪ್ರತ್ಯೇಕ ಮಾಡ್ತಾರೆ, ಹೊಗೆ ಚೀಲದಲ್ಲಿ ಸೋಸುತ್ತೆ, ಕಿಟ್ಟ ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಹೋಗುತ್ತೆ. ಕದ್ದು ನಡೆಸುವ ಭಟ್ಟಿಗೆ ಹೋದರೆ ಕೊಡಲಿಯಲ್ಲಿ ಒಡೀತಾರೆ, ಆಸಿಡ್ ಚರಂಡಿಗೆ, ಹೊಗೆ ಪಕ್ಕದ ಮನೆಗೆ, ಕಿಟ್ಟ ರಸ್ತೆ ಬದಿಗೆ. 30 ಕೆಜಿಯಲ್ಲಿ ನೂರಕ್ಕೊಂದು ಪಾಲು ಹೊಗೆಯಾಯ್ತು ಅಂತಲೇ ಇಟ್ಟುಕೊಳ್ಳಿ, 300 ಗ್ರಾಂ. ಅಂಥ ನಾಲ್ಕು ಬ್ಯಾಟರಿ ಕರಗಿಸಿದರೆ, ಮೇಲೆ ಹೇಳಿದ ದೊಡ್ಡ ಘಟಕ ಇಡೀ ದಿನ ಬಿಟ್ಟಿದ್ದಕ್ಕಿಂತ ಜಾಸ್ತಿ ಆಯ್ತು. ಅದೂ ಆಳೆತ್ತರದಲ್ಲಿ, ಮಕ್ಕಳು ಆಡುವ ಜಾಗದಲ್ಲಿ.

ಆ ಮುನ್ನೂರು ರೂಪಾಯಿ ಹೆಚ್ಚು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ? ಬ್ಯಾಗ್ ಫಿಲ್ಟರ್ ಹಾಕಿಲ್ಲ, ಬಿಲ್ಲಿಲ್ಲ, ತೆರಿಗೆಯಿಲ್ಲ, ಕೆಲಸಗಾರನಿಗೆ ಮಾಸ್ಕಿಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಸೀಸದ ವಿಷಬಾಧೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಅಂತ ಮಾಡಿತ್ತು. ಆದರೆ ಹಿತ್ತಲು ಕಾರ್ಖಾನೆಯೇ ಅಲ್ಲವಲ್ಲ, ವರದಿ ಯಾರು ಮಾಡೋದು? ಕಾನೂನು ಪಾಲಿಸುವವನ ಖರ್ಚು ಜಾಸ್ತಿ, ತಪ್ಪಿಸಿಕೊಳ್ಳುವವನು ಕೊಡುವ ಬೆಲೆ ಜಾಸ್ತಿ. ಹಾಗಾಗಿ ಚಿಮಣಿಯ ಮಿತಿಯನ್ನು ಮಾತ್ರ ಬಿಗಿ ಮಾಡುತ್ತಾ ಹೋದರೆ ಬ್ಯಾಟರಿಗಳು ಚಿಮಣಿ ಇಲ್ಲದ ಕಡೆಗೇ ಹೆಚ್ಚು ಹರಿಯುವ ಅಪಾಯ ಇದೆ. ಮಿತಿ ಬಿಗಿಯಾಗಲೇಬೇಕು, ನಾನು ಬೇಡ ಅನ್ನಲ್ಲ. ಆದರೆ ಜೊತೆಗೆ ಬ್ಯಾಟರಿಯ ಬೆನ್ನು ಹತ್ತಬೇಕು.

ಅದೇ ಮೂರನೇ ಹಿಡಿತ. 2001ರ ಮೇ ತಿಂಗಳಲ್ಲೇ ಬ್ಯಾಟರಿ ನಿಯಮಗಳು ಬಂದವು. ಹಳೇ ಬ್ಯಾಟರಿ ವಾಪಸ್ ಕೊಟ್ಟ ಗ್ರಾಹಕನಿಗೆ ಡೀಲರ್ ಸೂಕ್ತ ರಿಯಾಯಿತಿ ಕೊಡಬೇಕಿತ್ತು, ಅವನ್ನು ನೋಂದಾಯಿತ ಘಟಕಕ್ಕೇ ಕಳಿಸಬೇಕಿತ್ತು, ವರ್ಷಕ್ಕೆರಡು ಬಾರಿ ಲೆಕ್ಕ ಒಪ್ಪಿಸಬೇಕಿತ್ತು. ಚಿಕ್ಕಪ್ಪ ಹೇಳಿದ ಆ ‘ಮುರ್ಕಂತಾನೆ’ ಇದೆಯಲ್ಲ, ಅದು ಅಂಗಡಿಯವನ ಔದಾರ್ಯವಾಗಿರಲಿಲ್ಲ, ನಿಯಮವೇ ಆಗಿತ್ತು. 2022ರ ಆಗಸ್ಟಿನಲ್ಲಿ ಹೊಸ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈಗ ಹೊಣೆ ಬ್ಯಾಟರಿ ಮಾಡಿ ಮಾರುವವನ ಮೇಲೇ ಇದೆ. ಮಾರಿದ್ದಕ್ಕೆ ತಕ್ಕಷ್ಟು ಹಳೇದನ್ನು ಸಂಗ್ರಹಿಸಿ ಮರುಬಳಕೆ ಮಾಡಿಸಿದ್ದಕ್ಕೆ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ಪರಿಸರ ಪರಿಹಾರ ಕಟ್ಟಬೇಕು. ಬಳಕೆದಾರನಾದ ನಮಗೂ ಒಂದು ಕರ್ತವ್ಯ ಇದೆ, ಮನೆಕಸಕ್ಕೆ ಸೇರಿಸದೆ ಸರಿಯಾದ ಕೈಗೆ ಕೊಡೋದು.

ನಿಯಮ ಚೆನ್ನಾಗಿದೆ. ಆದರೆ ಪೋರ್ಟಲ್ಲಿನಲ್ಲಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಅಷ್ಟು ಸೀಸ ಅಲ್ಲಿ ನಿಜವಾಗಿ ಕರಗಿದೆಯಾ ಅಂತ ಯಾರಾದರೂ ಹೋಗಿ ನೋಡಬೇಕು. ಇನ್ನೊಂದು ಮಾತು, ಇದು ನನ್ನಂಥವರಿಗೇ ತಾಗೋದು. ಟೀವಿ ಪರದೆ ಮೇಲೆ ನಾವು ತೋರಿಸುವ ವಾಯು ಗುಣಮಟ್ಟ ಸೂಚ್ಯಂಕ ಇದೆಯಲ್ಲ, 2014ರಲ್ಲಿ ಅದನ್ನು ರೂಪಿಸಿದಾಗ ಎಂಟು ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಸೀಸವೂ ಇತ್ತು. ಆದರೆ ಗಂಟೆಗಂಟೆಗೆ ಬದಲಾಗುವ ಆ ಅಂಕಿಯಲ್ಲಿ ಸೀಸದ ಪಾಲು ಇರಲ್ಲ. ಅದನ್ನು ಫಿಲ್ಟರ್ ಕಾಗದದ ಮೇಲೆ ಹಿಡಿದು ಲ್ಯಾಬಿಗೆ ಒಯ್ದು ಪರೀಕ್ಷಿಸಬೇಕು. ಹಸಿರು ಬಣ್ಣ ತೋರಿಸಿ ‘ಇವತ್ತು ಗಾಳಿ ಚೆನ್ನಾಗಿದೆ’ ಅಂತ ನಾನು ಎಷ್ಟು ಸಲ ಹೇಳಿದ್ದೀನೋ!

ಹಾಗಾದ್ರೆ ಏನು ಕೇಳೋಣ? ನನ್ನ ಪಟ್ಟಿ ಸಣ್ಣದು. ಒಂದು, ಒಪ್ಪಿಗೆ ಇರುವ ಘಟಕಗಳ ಹೆಸರು, ಊರು ಕನ್ನಡದಲ್ಲಿ ಪ್ರತಿ ಬ್ಯಾಟರಿ ಅಂಗಡಿಯ ಗೋಡೆ ಮೇಲೆ ಇರಲಿ. ಎರಡು, ಗುಜರಿಯವರನ್ನು ಕಳ್ಳರ ಥರ ಓಡಿಸೋದು ಬೇಡ. ಮನೆಮನೆಗೆ ಬರುವವರು ಅವರೇ, ಅವರನ್ನೇ ಸಂಗ್ರಹದ ವ್ಯವಸ್ಥೆಗೆ ಸೇರಿಸಿ, ಆ ಮುನ್ನೂರು ರೂಪಾಯಿ ವ್ಯತ್ಯಾಸವನ್ನು ಕಂಪನಿಗಳು ತುಂಬಲಿ. ಮೂರು, ಭಟ್ಟಿ ಇರುವ, ಇದ್ದ ಜಾಗದ ಸುತ್ತ ಅಂಗನವಾಡಿ ಮಕ್ಕಳ ರಕ್ತ ಪರೀಕ್ಷೆ ಆಗಲಿ. ಚಿಮಣಿ ಸುಳ್ಳು ಹೇಳಬಹುದು, ಪೋರ್ಟಲ್ಲೂ ಹೇಳಬಹುದು, ಮಗುವಿನ ರಕ್ತ ಹೇಳಲ್ಲ.

ಅವತ್ತು ಚಿಕ್ಕಪ್ಪನಿಗೆ ಇದಿಷ್ಟನ್ನೂ ಹೇಳಿದೆ. ನನ್ನ ಹಳೇ ಸೌಟಿನ ಕಥೆಯನ್ನೂ ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸೌಟು ನಿಮ್ಮಜ್ಜಿ ತೊಳದು ಮತ್ತೆ ಸಾರಿಗೇ ಹಾಕಿದ್ಲು ಕಣಪ್ಪಾ’ ಅಂದ್ರು. ಇನ್ವರ್ಟರ್ ಬ್ಯಾಟರಿ ಅಂಗಡಿಗೆ ಹೋಯ್ತು, ಚೀಟಿ ಕೇಳಿ ಬರೆಸಿಕೊಂಡ್ವಿ. ಟ್ರ್ಯಾಕ್ಟರಿನದ್ದು ಅಷ್ಟರಲ್ಲಾಗಲೇ ಲಗೇಜ್ ಆಟೋ ಹತ್ತಿ ಆಗಿತ್ತು. ಅದು ಎಲ್ಲಿಗೆ ಹೋಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.